ಪತ್ರ ಬರೆದು ಪಡೆದ ಊರು

1957ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇಡೀ ಒಂದು ಊರು ಮಾರಾಟಕ್ಕಿತ್ತು. ಕ್ಯಾಸ್ಕೇಡ್ ಪರ್ವತಗಳ ನಡುವಿನ ಆ ಊರಿನಲ್ಲಿ ಕಾರ್ಮಿಕರ ವಸತಿಗೃಹಗಳಿದ್ದವು, ಅಧಿಕಾರಿಗಳ ಮರದ ಮನೆಗಳಿದ್ದವು. ನೂರಾರು ಜನ ಒಟ್ಟಿಗೆ ಕೂತು ಉಣ್ಣುವ ಭೋಜನಶಾಲೆ, ಆಸ್ಪತ್ರೆ, ಶಾಲೆ, ಬೌಲಿಂಗ್ ಆಟದ ಅಂಕಣ ಎಲ್ಲವೂ ಇದ್ದವು. ಇಲ್ಲದಿದ್ದದ್ದು ಜನ ಮಾತ್ರ. ತಾಮ್ರದ ಬೆಲೆ ಕುಸಿದು ಗಣಿ ಮುಚ್ಚಿದ್ದರಿಂದ ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಇಳಿದು ಹೋಗಿದ್ದರು. ಹೌ ಸೌಂಡ್ ಎಂಬ ಗಣಿ ಕಂಪನಿ ಊರಿಗೆ ಒಂದು ಲಕ್ಷ ಡಾಲರ್ ಬೆಲೆ ಕಟ್ಟಿತ್ತು.

ಅಲಾಸ್ಕಾದಲ್ಲಿ ಕೆಲಸ ಮಾಡುತ್ತಿದ್ದ ವೆಸ್ ಪ್ರೀಬ್ ಎಂಬ ಲೂಥರನ್ ಭಕ್ತರ ಕಿವಿಗೆ ಈ ಸುದ್ದಿ ಬಿತ್ತು. ಅವರು ಪಾದ್ರಿಯಲ್ಲ, ಹಣವಂತರೂ ಅಲ್ಲ. ಆ ಜಾಗವನ್ನು ಚರ್ಚಿನ ಕೆಲಸಕ್ಕೆ ಕೊಡಬಹುದೇ ಎಂದು ಕೇಳಿ ಕಂಪನಿಗೆ ಪತ್ರ ಬರೆದರು. ಒಂದು ಲಕ್ಷ ಡಾಲರ್ ಎಂಬ ಉತ್ತರ ಬಂತು. ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಆದರೂ ಪ್ರೀಬ್ ಮತ್ತೆ ಬರೆದರು, ಮತ್ತೂ ಬರೆದರು. 1960ರಲ್ಲಿ ಬಂದ ಉತ್ತರ ಬೇರೆಯಾಗಿತ್ತು. ಕಂಪನಿ ಊರನ್ನು ದಾನವಾಗಿ ಕೊಡಲು ಒಪ್ಪಿತ್ತು.

ಆ ಊರೇ ಇಂದಿನ ಹೋಲ್ಡನ್ ವಿಲೇಜ್. 1961ರಿಂದ ಒಂದು ಲಾಭರಹಿತ ಸಂಸ್ಥೆ ಅದನ್ನು ನಡೆಸುತ್ತ ಬಂದಿದೆ. ಕ್ರೈಸ್ತರು ರಿಟ್ರೀಟ್ ಎನ್ನುವುದಕ್ಕೆ ಕನ್ನಡದಲ್ಲಿ ಸರಿಸಮನಾದ ಒಂದು ಪದ ಸಿಗುವುದು ಕಷ್ಟ. ನಿತ್ಯದ ಗಡಿಬಿಡಿಯಿಂದ ಕೆಲವು ದಿನ ದೂರ ಸರಿದು, ಪ್ರಾರ್ಥನೆ, ಓದು, ಮಾತು, ಮೌನಗಳಲ್ಲಿ ಕಳೆದು ಬರುವ ಜಾಗ ಅದು. ನಮ್ಮ ಆಶ್ರಮದ ಕಲ್ಪನೆಗೆ ಹತ್ತಿರ. ಆದರೆ ಹೋಲ್ಡನ್‌ನಲ್ಲಿ ಗುರುಪೀಠವಿಲ್ಲ. ಬೇರು ಲೂಥರನ್ ಪರಂಪರೆಯಲ್ಲಿದ್ದರೂ ಬಾಗಿಲು ಎಲ್ಲ ಪಂಗಡಗಳಿಗೂ, ಯಾವ ಚರ್ಚಿಗೂ ಸೇರದವರಿಗೂ ತೆರೆದಿದೆ. ಹುಟ್ಟಿದಾಗಿನಿಂದಲೂ ಅದು ಯುವಜನರ ಊರು. ಮೊದಮೊದಲ ಬೇಸಿಗೆಗಳಲ್ಲಿ ಪಾಳುಬಿದ್ದ ಕಟ್ಟಡಗಳ ಧೂಳು ಹೊಡೆದು ವಾಸಕ್ಕೆ ಹದಮಾಡಿದವರು ಊರೂರಿನಿಂದ ಬಂದ ಯುವಕ ಯುವತಿಯರ ತಂಡಗಳೇ. ಇಂದಿಗೂ ಬೇಸಿಗೆ ಬಂತೆಂದರೆ ಕಾಲೇಜು ವಯಸ್ಸಿನವರು ಸ್ವಯಂಸೇವಕರಾಗಿ, ಇಂಟರ್ನ್‌ಗಳಾಗಿ ಅಲ್ಲಿಗೆ ಬರುತ್ತಾರೆ. ಈ ಲೇಖನ ಮುಖ್ಯವಾಗಿ ಅವರ ಬಗ್ಗೆ.

ಗಣಿ ಮುಚ್ಚಿದ ಊರು ಎಂದರೆ ಕನ್ನಡದ ಓದುಗರ ಕಣ್ಣಿಗೆ ಬರುವುದು ಕೆಜಿಎಫ್. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗೆ ಬೀಗ ಬಿದ್ದಿತು. ಅಲ್ಲಿನ ಬಂಗಲೆಗಳನ್ನೂ ಸಯನೈಡ್ ದಿಬ್ಬಗಳನ್ನೂ ಕಂಡವರಿಗೆ ಹೋಲ್ಡನ್ ಕಥೆ ಅಪರಿಚಿತವಲ್ಲ. ದೊಡ್ಡ ವ್ಯತ್ಯಾಸವೂ ಇದೆ. ಕೆಜಿಎಫ್ ಬರಿದಾಗಲಿಲ್ಲ. ಅಲ್ಲಿನ ಜನ ಇವತ್ತಿಗೂ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಾರೆ. ಹೋಲ್ಡನ್‌ನಿಂದ ಹಾಗೆ ಹೋಗಿಬರಲು ರೈಲಿರಲಿ, ಹೊರಜಗತ್ತಿಗೆ ರಸ್ತೆಯೇ ಇಲ್ಲ.

ತಲುಪುವುದು ಹೀಗೆ. ಷೆಲಾನ್ ಸರೋವರ ಸುಮಾರು 80 ಕಿಲೋಮೀಟರ್ ಉದ್ದ, 453 ಮೀಟರ್ ಆಳ. ಅಮೆರಿಕದ ಅತ್ಯಂತ ಆಳದ ಸರೋವರಗಳಲ್ಲಿ ಅದಕ್ಕೆ ಮೂರನೆಯ ಸ್ಥಾನ. ಅದರ ಕೆಳದಂಡೆಯಲ್ಲಿ ದೋಣಿ ಹತ್ತಬೇಕು. ಮೇಲೆ ಮೇಲೆ ಸಾಗಿದಂತೆ ದಂಡೆಯ ಮನೆಗಳು ವಿರಳವಾಗಿ, ಬೆಟ್ಟಗಳು ನೀರಿಗೇ ಇಳಿಯುತ್ತವೆ. ಲೂಸರ್ನ್ ಎಂಬ ಸಣ್ಣ ಕಟ್ಟೆಯಲ್ಲಿ ಇಳಿದರೆ ಹಳೆಯ ಸ್ಕೂಲ್ ಬಸ್ ಕಾದಿರುತ್ತದೆ. ಆಗುಂಬೆ ಘಾಟಿ ಹತ್ತಿದವರಿಗೆ ಮುಂದಿನ ಹಾದಿ ಹೇಗಿರುತ್ತದೆಂದು ಊಹಿಸುವುದು ಸುಲಭ: ಹೇರ್‌ಪಿನ್ ತಿರುವಿನ ಮೇಲೆ ಹೇರ್‌ಪಿನ್ ತಿರುವು, ಮಣ್ಣಿನ ರಸ್ತೆ, ಸುಮಾರು 17 ಕಿಲೋಮೀಟರ್. ರೈಲ್‌ರೋಡ್ ಕ್ರೀಕ್ ಎಂಬ ಹೊಳೆಯ ಪಕ್ಕದಲ್ಲಿ, ಸಮುದ್ರಮಟ್ಟದಿಂದ 3,200 ಅಡಿ ಎತ್ತರದಲ್ಲಿ ಊರು ಕಾಣಿಸಿಕೊಳ್ಳುತ್ತದೆ. ಹೊಳೆಯ ಹೆಸರಲ್ಲಿ ರೈಲು ಇದ್ದರೂ ಆ ಕಣಿವೆಗೆ ರೈಲು ಬರಲೇ ಇಲ್ಲ. ತಲೆಯ ಮೇಲೆ 9,511 ಅಡಿಯ ಬೊನಾನ್ಜಾ ಶಿಖರ. ಅಲ್ಲಿಂದಾಚೆ ಗ್ಲೇಸಿಯರ್ ಪೀಕ್ ಎಂಬ ಸಂರಕ್ಷಿತ ಕಾಡು.

ಬಸ್ಸು ನಿಂತಾಗ ಊರಿನವರು ಹೊರಗೆ ಬಂದು ಸ್ವಾಗತಿಸುತ್ತಾರೆ. ಹೊರಡುವ ಬಸ್ಸಿಗೂ ಇದೇ ಮರ್ಯಾದೆ. ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಕೈಬೀಸಿ ಕಳಿಸುತ್ತಾರೆ. ಹೊಸದಾಗಿ ಬಂದ ಇಂಟರ್ನ್‌ಗೆ ಇದು ಮೊದಲ ಪಾಠ ಎಂದು ನನಗನಿಸುತ್ತದೆ. ಬಂದವರನ್ನು ಬಂದಿರಾ ಎಂದು ಕೇಳುವುದು, ಹೊರಟವರನ್ನು ಹೋಗಿಬನ್ನಿ ಎಂದು ಬೀಳ್ಕೊಡುವುದು ನಮ್ಮ ಹಳ್ಳಿಗಳಲ್ಲೂ ಇದ್ದ ಪದ್ಧತಿಯೇ. ಅದನ್ನು ಅಲ್ಲಿ ಊರಿನ ದಿನಚರಿಯಾಗಿಯೇ ಉಳಿಸಿಕೊಂಡಿದ್ದಾರೆ.

ನಾಯಕತ್ವ ತರಬೇತಿ ಎಂದರೆ ಇಂದು ನಮಗೆ ಗೊತ್ತಿರುವ ಚಿತ್ರ ಬೇರೆ. ಹೋಟೆಲಿನ ಸಭಾಂಗಣ, ಪರದೆಯ ಮೇಲೆ ಸ್ಲೈಡುಗಳು, ಕೊನೆಗೊಂದು ಪ್ರಮಾಣಪತ್ರ. ಹೋಲ್ಡನ್‌ನಲ್ಲಿ ಅದು ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ಶುರುವಾಗುತ್ತದೆ. ಬೇಸಿಗೆಯಲ್ಲಿ ಮೂರು ಹೊತ್ತೂ ನೂರಾರು ಜನರ ಊಟವಾಗಬೇಕು. ಅಡುಗೆ ಮಾಡುವವರು, ಬಡಿಸುವವರು, ತೊಳೆಯುವವರು ಎಲ್ಲರೂ ಅಲ್ಲೇ ವಾಸಿಸುವ ಮಂದಿ. ಊಟ ಸರಳ. ಸಾಮಾನೆಲ್ಲ ದೋಣಿಯಲ್ಲಿ ಬಂದು ಬೆಟ್ಟ ಹತ್ತಬೇಕಾದ್ದರಿಂದ ಚೆಲ್ಲುವ ಮಾತಿಲ್ಲ.

ಕಸದ್ದಂತೂ ಒಂದು ಶಾಸ್ತ್ರವೇ. ಅದಕ್ಕೆ ಅವರಿಟ್ಟ ಹೆಸರು ಗಾರ್ಬಾಲಜಿ. ಇಡೀ ಊರಿನ ಕಸವನ್ನು ಕೈಯಾರೆ ಬೇರ್ಪಡಿಸಿ, ಕೊಳೆಯುವುದನ್ನು ಗೊಬ್ಬರಕ್ಕೆ, ಮರುಬಳಕೆಯದನ್ನು ಒಂದು ಕಡೆಗೆ ಹಾಕುತ್ತಾರೆ. ಉಳಿದದ್ದು ಬಂದ ದಾರಿಯಲ್ಲೇ ಕೆಳಗಿಳಿಯಬೇಕು. ಅತಿಥಿಗಳೂ ಕೈಗವಸು ಹಾಕಿಕೊಂಡು ಈ ಕೆಲಸಕ್ಕೆ ಕೂಡಿಕೊಳ್ಳುತ್ತಾರೆ. ನಗರದಲ್ಲಿ ಕಸ ರಾತ್ರಿಯೊಳಗೆ ಮಾಯವಾಗುತ್ತದೆ, ಯಾರು ಒಯ್ದರು, ಎಲ್ಲಿಗೆ ಒಯ್ದರು ಎಂದು ನಾವು ಕೇಳುವುದಿಲ್ಲ. ಇಪ್ಪತ್ತರ ಹರೆಯದ ಹುಡುಗನೊಬ್ಬ ತಾನು ಬಿಸಾಡಿದ್ದನ್ನು ತಾನೇ ಎತ್ತಿ, ತೂಗಿ, ವಿಂಗಡಿಸಿದರೆ ಮುಂದೆ ಯಾವ ಕುರ್ಚಿಯಲ್ಲಿ ಕೂತರೂ ಆ ಪ್ರಶ್ನೆಯನ್ನು ಮರೆಯಲಾರ. ಕಾಯಕ ಎಂಬ ಪದವನ್ನು ಎಂಟುನೂರು ವರ್ಷಗಳಿಂದ ಬಳಸುತ್ತ ಬಂದ ನಮಗೆ ಇದರ ತಿರುಳನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕ್ರೈಸ್ತರಿಗೆ ಇದರ ಮೂಲ ಶಿಷ್ಯರ ಕಾಲು ತೊಳೆದ ಯೇಸುವಿನಲ್ಲಿದೆ.

ವಿದ್ಯುತ್ತಿನ ಪಾಠವೂ ಹೀಗೆಯೇ. 1902ರಲ್ಲಿ ಕೆಜಿಎಫ್ ಗಣಿಗೆ ಶಿವನಸಮುದ್ರದಿಂದ ಕರೆಂಟು ಬಂದಂತೆ, ಹೋಲ್ಡನ್‌ಗೂ ನೀರಿನಿಂದಲೇ ಬೆಳಕು. ಕಾಪರ್ ಕ್ರೀಕ್ ಎಂಬ ತೊರೆಗೆ ಅಳವಡಿಸಿದ ಪುಟ್ಟ ಜಲವಿದ್ಯುತ್ ಘಟಕವೇ ಊರಿಗೆ ಆಧಾರ. ತೊರೆಯಲ್ಲಿ ನೀರಿಳಿದರೆ ಉಪಕರಣಗಳನ್ನು ಒಂದೊಂದಾಗಿ ಆರಿಸಬೇಕು. ಬಿಸಿಗೆ ಸೌದೆ. ಚಳಿಗಾಲದ ಆಳೆತ್ತರದ ಹಿಮಕ್ಕೆ ಬೇಕಾದ ಸೌದೆಯನ್ನು ಬೇಸಿಗೆಯಲ್ಲೇ ಸೀಳಿ ಒಟ್ಟಬೇಕು. ಆಗಸ್ಟಿನಲ್ಲಿ ಬೆವರು ಸುರಿಸಿ ಸೌದೆ ಒಡೆದ ಇಂಟರ್ನ್, ಆ ಬೆಂಕಿ ಉರಿಯುವ ಹೊತ್ತಿಗೆ ಕಾಲೇಜಿಗೆ ಮರಳಿರುತ್ತಾನೆ. ಅದರ ಕಾವು ಸಿಗುವುದು ಅವನು ನೋಡಿಯೇ ಇರದ ಯಾರಿಗೋ.

ಮಕ್ಕಳ ಜವಾಬ್ದಾರಿ ಹೊತ್ತವರ ಕೆಲಸ ಇನ್ನೂ ಸೂಕ್ಷ್ಮ. ಬೇಸಿಗೆಯಲ್ಲಿ ಕುಟುಂಬಗಳು ಬರುತ್ತವೆ. ಚಿಕ್ಕ ಮಕ್ಕಳ ಕಾರ್ಯಕ್ರಮಕ್ಕೆ ಸಿ.ಎಸ್. ಲೂಯಿಸ್ ಕಥೆಗಳ ನೆನಪಿನಲ್ಲಿ ನಾರ್ನಿಯಾ ಎಂಬ ಹೆಸರಿದೆ. ಹದಿಹರೆಯದವರಿಗೆ ಪ್ರತ್ಯೇಕ ವ್ಯವಸ್ಥೆ. ಈ ಹದಿಹರೆಯದವರನ್ನು ಒಲಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅಪ್ಪ ಅಮ್ಮಂದಿರಿಗೆ ಗೊತ್ತು. ಊರಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಹದಿನಾಲ್ಕರ ಹುಡುಗಿಯೊಬ್ಬಳು ಮುಖ ಊದಿಸಿಕೊಂಡು ಬಸ್ಸಿಳಿದರೆ ಅವಳ ಕೈಗೊಂದು ಫೋನು ಕೊಟ್ಟು ಕೂರಿಸುವ ಉಪಾಯ ಅಲ್ಲಿ ನಡೆಯದು. ಅವಳಿಗಿಂತ ಐದಾರು ವರ್ಷ ದೊಡ್ಡವರಾದ ಇಂಟರ್ನ್‌ಗಳು ಜೊತೆಗೆ ನಡೆಯಬೇಕು. ಹಾರ್ಟ್ ಸರೋವರದ ಹಾದಿಯಲ್ಲಿ ಹಿಂದೆ ಬಿದ್ದವರಿಗಾಗಿ ನಿಲ್ಲಬೇಕು, ಮಗ್ಗದ ಮುಂದೆ ಕೂರಿಸಿ ಲಾಳಿ ಹಾಕಲು ಕಲಿಸಬೇಕು, ಕುಂಬಾರಿಕೆಯ ಚಕ್ರದ ಮೇಲೆ ಮಡಕೆ ಕುಸಿದಾಗ ಅವಳ ಜೊತೆ ನಕ್ಕು ಮತ್ತೆ ಮಣ್ಣು ಕಲಸಬೇಕು. ಬೌಲಿಂಗ್ ಅಂಕಣದಲ್ಲಿ ಉರುಳಿದ ಗೂಟಗಳನ್ನು ಯಂತ್ರ ಎತ್ತಿ ನಿಲ್ಲಿಸುವುದಿಲ್ಲ, ಕೈಯಿಂದಲೇ ಜೋಡಿಸಬೇಕು. ಆಡುವವರಷ್ಟೇ ಜೋಡಿಸುವವರೂ ಬೇಕೆನ್ನುವುದು ಆಟದಲ್ಲೇ ಗೊತ್ತಾಗುತ್ತದೆ.

ಮಾತು ಬೆಳೆಯುವುದು ಇಂಥ ಕೆಲಸಗಳ ನಡುವೆಯೇ. ದೇವರಿದ್ದಾನೆಯೇ, ಅಪ್ಪ ಅಮ್ಮ ಬೇರೆಯಾದರೆ ನಾನು ಯಾರ ಮನೆಗೆ ಹೋಗಲಿ, ಈ ಭೂಮಿ ಇಷ್ಟು ಬಿಸಿಯಾಗುತ್ತಿದೆ ಮುಂದೇನು ಎಂಬ ಪ್ರಶ್ನೆಗಳನ್ನು ಮಕ್ಕಳು ವೇದಿಕೆಯ ಮೇಲಿನ ಭಾಷಣಕಾರರಿಗೆ ಕೇಳುವುದಿಲ್ಲ. ಪಕ್ಕದಲ್ಲಿ ಆಲೂಗಡ್ಡೆ ಸುಲಿಯುತ್ತ ಕೂತ ಅಕ್ಕನನ್ನೋ ಅಣ್ಣನನ್ನೋ ಕೇಳುತ್ತಾರೆ. ಎಲ್ಲದಕ್ಕೂ ಉತ್ತರ ಗೊತ್ತಿರಬೇಕಿಲ್ಲ, ಕೇಳಿಸಿಕೊಳ್ಳುವ ಸಂಯಮ ಬೇಕು. ಯಾವ ಮಾತನ್ನು ಹಿರಿಯರ ಗಮನಕ್ಕೆ ತರಲೇಬೇಕು ಎಂಬ ವಿವೇಕವೂ ಬೇಕು. ಇಪ್ಪತ್ತರ ಆಸುಪಾಸಿನವರಿಗೆ ಇದು ಸಣ್ಣ ಹೊರೆಯಲ್ಲ.

ಪ್ರತಿ ಸಂಜೆ ಊರೆಲ್ಲ ಒಟ್ಟುಗೂಡಿ ಪ್ರಾರ್ಥಿಸುತ್ತದೆ. ವೆಸ್ಪರ್ಸ್ ಎನ್ನುವ ಈ ಸಂಜೆ ಪ್ರಾರ್ಥನೆಯನ್ನು ಪಾದ್ರಿಗಳೇ ನಡೆಸಬೇಕೆಂಬ ಕಟ್ಟಿಲ್ಲ. ಬೆಳಿಗ್ಗೆ ಪಾತ್ರೆ ತೊಳೆದವರು ಸಂಜೆ ಮುಂದೆ ನಿಂತು ಪ್ರಾರ್ಥನೆ ನಡೆಸಬಹುದು. 1980ರ ದಶಕದ ನಡುವಿನ ಒಂದು ಚಳಿಗಾಲವನ್ನು ಇಲ್ಲಿ ಕಳೆದ ಸಂಗೀತ ರಚನೆಕಾರ ಮಾರ್ಟಿ ಹೌಗನ್ ಊರಿನ ಸಂಜೆಗಾಗಿ ಒಂದು ಪ್ರಾರ್ಥನಾ ಸಂಗೀತವನ್ನು ಕಟ್ಟಿದರು. ಹೋಲ್ಡನ್ ಈವನಿಂಗ್ ಪ್ರೇಯರ್ ಎಂಬ ಹೆಸರಿನ ಆ ರಚನೆಯನ್ನು ಇಂದು ಅಮೆರಿಕದ ಅನೇಕ ಚರ್ಚುಗಳಲ್ಲಿ ಹಾಡುತ್ತಾರೆ. ಹೋಲ್ಡನ್ ಎಲ್ಲಿದೆ ಎಂದು ತಿಳಿಯದವರೂ ಅದರ ಹೆಸರು ಕೇಳಿರುವುದು ಈ ಹಾಡಿನಿಂದ.

ಇಷ್ಟು ಹೇಳಿ, ಹೊಳೆಯ ಆಚೆ ದಡವನ್ನು ನೋಡದೆ ಬಿಟ್ಟರೆ ಚಿತ್ರ ಅರೆಬರೆಯಾಗುತ್ತದೆ. 1896ರಲ್ಲಿ ಜೇಮ್ಸ್ ಹೋಲ್ಡನ್ ಎಂಬಾತ ಇಲ್ಲಿ ಅದಿರು ಪತ್ತೆಮಾಡಿದ. ಗಣಿ ದುಡಿದದ್ದು 1938ರಿಂದ 1957ರವರೆಗೆ. ಅದು ಬಿಟ್ಟುಹೋದದ್ದು ಹೊಳೆದಂಡೆಯ ಮೇಲೆ ಲಕ್ಷಾಂತರ ಟನ್ ಅದಿರಿನ ಹಿಟ್ಟು. ಮಳೆ, ಗಾಳಿ ತಾಗಿದಾಗ ಅದರೊಳಗಿನ ಗಂಧಕ ಆಮ್ಲವಾಗಿ, ಲೋಹಗಳನ್ನು ಕರಗಿಸಿ ನೀರಿಗಿಳಿಸುತ್ತಿತ್ತು. ಕಂಪನಿಗಳು ಕೈ ಬದಲಾಗುತ್ತ ಕೊನೆಗೆ ಇದರ ಹೊಣೆ ರಿಯೋ ಟಿಂಟೋ ಎಂಬ ಬಹುರಾಷ್ಟ್ರೀಯ ಗಣಿ ಕಂಪನಿಯ ಹೆಗಲೇರಿತು. ಆ ಕಂಪನಿ ತನ್ನ ಜೀವಮಾನದಲ್ಲಿ ಹೋಲ್ಡನ್‌ನಲ್ಲಿ ಒಂದು ಬುಟ್ಟಿ ತಾಮ್ರವನ್ನೂ ಅಗೆದಿರಲಿಲ್ಲ. 2010ರ ದಶಕದಲ್ಲಿ ದಿಬ್ಬಗಳನ್ನು ಭದ್ರಪಡಿಸಿ, ನೆಲದೊಳಗೆ ತಡೆಗೋಡೆ ಇಳಿಸಿ, ನೀರು ಶುದ್ಧೀಕರಣ ಘಟಕ ಕಟ್ಟಿದರು. ಆ ಕೆಲಸಕ್ಕಾಗಿ ಹೋಲ್ಡನ್ ಕೆಲವು ಬೇಸಿಗೆ ತನ್ನ ಎಂದಿನ ಅತಿಥಿಗಳನ್ನೇ ಕರೆಯಲಿಲ್ಲ. ಹತ್ತೊಂಬತ್ತು ವರ್ಷ ಅಗೆದದ್ದನ್ನು ಸರಿಪಡಿಸಲು ಅರ್ಧ ಶತಮಾನ ಕಳೆದ ಮೇಲೂ ಇಷ್ಟು ದುಡಿಯಬೇಕಾಯಿತು. ಕೆಜಿಎಫ್‌ನ ಸಯನೈಡ್ ದಿಬ್ಬಗಳ ಧೂಳು ಕುಡಿಯುತ್ತಿರುವ ನಮ್ಮವರ ನೆನಪು ಇಲ್ಲಿ ಬಾರದಿದ್ದರೆ ಹೇಗೆ?

ಅದರ ಬೆನ್ನಿಗೇ ಬೆಂಕಿ. 2015ರ ಬೇಸಿಗೆಯಲ್ಲಿ ಸಿಡಿಲಿನಿಂದ ಹೊತ್ತಿದ ವುಲ್ವರೀನ್ ಕ್ರೀಕ್ ಕಾಳ್ಗಿಚ್ಚು ಕಣಿವೆಯನ್ನು ಆವರಿಸಿತು. ಊರನ್ನು ತೆರವುಗೊಳಿಸಿದರು. ಅಗ್ನಿಶಾಮಕ ಪಡೆಯವರು ನೀರು ಚಿಮ್ಮಿಸುವ ಕೊಳವೆಗಳನ್ನು ಜೋಡಿಸಿ, ಎದುರು ಬೆಂಕಿ ಹಚ್ಚಿ ಮರದ ಆ ಹಳೆಯ ಕಟ್ಟಡಗಳನ್ನು ಉಳಿಸಿದರು. ಇಂದು ಬಸ್ಸಿನಲ್ಲಿ ಬರುವವರು ಸುಟ್ಟು ನಿಂತ ಮರಗಳನ್ನೂ ಅವುಗಳ ಬುಡದಲ್ಲಿ ಎದ್ದ ಹಸಿರನ್ನೂ ನೋಡುತ್ತಲೇ ಊರು ಸೇರುತ್ತಾರೆ.

ಕೊರತೆಯೊಂದನ್ನು ಹೇಳಲೇಬೇಕು. ಅಮೆರಿಕದ ಸಾಮಾನ್ಯ ಮನೆಯ ವಿದ್ಯಾರ್ಥಿಗೆ ಬೇಸಿಗೆ ಎಂದರೆ ಮುಂದಿನ ವರ್ಷದ ಫೀಸು ದುಡಿಯುವ ಕಾಲ. ಊಟ, ವಸತಿ ಸಿಕ್ಕರೂ ದೊಡ್ಡ ಸಂಬಳ ಸಿಗದ ಕಡೆಗೆ ಬೇಸಿಗೆಯನ್ನು ಕೊಡಲು ಎಲ್ಲರಿಂದಲೂ ಆಗದು. ಬರಬೇಕಾದ ಎಷ್ಟೋ ಮಕ್ಕಳು ಈ ಒಂದೇ ಕಾರಣಕ್ಕೆ ಹೊರಗುಳಿಯುತ್ತಾರೆ. ಇಂಥ ಸಂಸ್ಥೆಗಳಿಗೆ ದಾನ ಕೊಡುವವರು ಕಟ್ಟಡಕ್ಕಿಂತ ಮೊದಲು ಈ ಮಕ್ಕಳ ಬಗ್ಗೆ ಯೋಚಿಸಬೇಕು.

ಸಿಯಾಟಲ್, ರೆಡ್ಮಂಡ್, ಬೆಲ್‌ವ್ಯೂ ಸುತ್ತಮುತ್ತ ಸಾವಿರಾರು ಕನ್ನಡ ಕುಟುಂಬಗಳಿವೆ. ಅವರ ಮನೆಯಿಂದ ಷೆಲಾನ್ ಸರೋವರಕ್ಕೆ ಕಾರಿನಲ್ಲಿ ಮೂರು ನಾಲ್ಕು ಗಂಟೆಯ ದಾರಿ. ಹೈಸ್ಕೂಲು ಮುಗಿಸಿದ ಮಗಳೋ ಮಗನೋ ಇದ್ದರೆ, ಒಮ್ಮೆ ಅತಿಥಿಗಳಾಗಿ ಎಲ್ಲರೂ ಹೋಗಿ ನೋಡಿ ಬನ್ನಿ. ಅಲ್ಲಿ ಉಳಿದು ದುಡಿಯಬೇಕೋ ಬೇಡವೋ ಎನ್ನುವುದನ್ನು ಮಕ್ಕಳೇ ತೀರ್ಮಾನಿಸಲಿ. ಉಳಿಯುವವರು ಗಟ್ಟಿ ಬೂಟು, ಮಳೆಯಂಗಿ, ಟಾರ್ಚಿನ ಜೊತೆ ಒಂದಿಷ್ಟು ಕಾಗದ, ಲಕೋಟೆಗಳನ್ನೂ ಚೀಲಕ್ಕೆ ಹಾಕಿಕೊಳ್ಳಲಿ. ಅಲ್ಲಿಂದ ಮನೆಗೆ ಪತ್ರ ಬರೆಯಬಹುದು. ದೋಣಿಯಲ್ಲಿ ಟಪಾಲು ಹೋಗುತ್ತದೆ.