ನಮ್ಮ ದಫ್ತರಿನಲ್ಲಿರುವ ಇರಾನ್

ಇರಾನ್ ಎಂದೊಡನೆ ನಮಗೆ ನೆನಪಾಗುವುದು ತೈಲ, ನಿರ್ಬಂಧ ಮತ್ತು ಯುದ್ಧ. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಸೀಮೆಯ ಜನರ ನಾಲಿಗೆಯ ಮೇಲೆ ಆ ನಾಡಿನ ನುಡಿ ಶತಮಾನಗಳಿಂದ ನೆಲೆಸಿದೆ. ಬನಹಟ್ಟಿಯ ನೇಕಾರನ ರೇಷ್ಮೆ ಮತ್ತು ಜರಿ, ಮುಧೋಳದ ಕಬ್ಬು ಬೆಳೆಗಾರ ಕಾಣುವ ಕಾರ್ಖಾನೆ ಮತ್ತು ರಸೀದಿ, ಬೀಳಗಿಯ ರೈತನ ಜಮೀನು ಮತ್ತು ದಸ್ತಾವೇಜು, ಇವೆಲ್ಲ ಫಾರಸಿಯಿಂದ ಬಂದ ಮಾತುಗಳು. ‘ಜರ್’ ಎಂದರೆ ಅಲ್ಲಿ ಚಿನ್ನ.

ಈ ವ್ಯವಹಾರ ಏಕಮುಖವಾಗಿರಲಿಲ್ಲ. ಸಂಸ್ಕೃತದ ‘ಶರ್ಕರಾ’ ಇರಾನಿನಲ್ಲಿ ‘ಶಕರ್’ ಆಗಿ, ಅರಬ್ಬರ ಮೂಲಕ ಯುರೋಪನ್ನು ತಲುಪಿತು. ಕಬ್ಬಿನ ಕೃಷಿಯೂ ಭಾರತದಿಂದಲೇ ಅಲ್ಲಿಗೆ ಹೋಯಿತು.

1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದ ಅರಸರು ಇರಾನಿನ ಪುರಾಣಪುರುಷ ಬಹಮನನ ವಂಶದವರೆಂದು ಹೇಳಿಕೊಂಡರು. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಂತ್ರಿ ಮಹಮೂದ್ ಗವಾನ್ ಇರಾನಿನ ಗೀಲಾನ್ ಪ್ರಾಂತದವನು. ಆತನ ಕಾಲಾನಂತರ ವಿಜಾಪುರದಲ್ಲಿ ತಲೆಯೆತ್ತಿದ ಆದಿಲ್‌ಶಾಹಿ ಆಳ್ವಿಕೆ 1686ರವರೆಗೆ ನಡೆಯಿತು. ಅದರ ಸ್ಥಾಪಕ ಯೂಸುಫ್ ಇರಾನಿನ ಮಾದರಿಯಲ್ಲಿ ಶಿಯಾ ಪಂಥವನ್ನು ರಾಜಮತವನ್ನಾಗಿಸಿದನು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂಗಳೂ ಕೂಡಿ ಆಚರಿಸುವ ಮೊಹರಂ, ಕನ್ನಡದಲ್ಲಿ ಹಾಡುವ ರಿವಾಯತ್ ಪದಗಳು ಆ ಪರಂಪರೆಯ ಕುರುಹುಗಳಾಗಿವೆ.

ಆಡಳಿತದ ದೃಷ್ಟಿಯಿಂದ ಮುಖ್ಯವಾದ ಸಂಗತಿ ಇನ್ನೊಂದಿದೆ. 16ನೆಯ ಶತಮಾನದ ನಡುಭಾಗದಲ್ಲಿ ಒಂದನೆಯ ಇಬ್ರಾಹಿಂ ಆದಿಲ್‌ಶಾಹನು ಲೆಕ್ಕಪತ್ರಗಳಲ್ಲಿ ಫಾರಸಿಯನ್ನು ಬಿಟ್ಟು ದೇಶಭಾಷೆಯನ್ನು ಬಳಸುವಂತೆ ಮಾಡಿದನೆಂದು ವಿಜಾಪುರದಲ್ಲಿಯೇ ಇತಿಹಾಸ ಬರೆದ ಇರಾನಿ ಫೆರಿಷ್ತಾ ದಾಖಲಿಸಿದ್ದಾನೆ. ಭಾಷೆ ಬದಲಾಯಿತು, ಪರಿಭಾಷೆ ಉಳಿಯಿತು. ಮುಧೋಳದ ಘೋರ್ಪಡೆಯವರ, ಜಮಖಂಡಿಯ ಪಟವರ್ಧನರ ಮರಾಠಿ ದಫ್ತರುಗಳಲ್ಲಿಯೂ ಅವೇ ಮಾತುಗಳು ಮುಂದುವರಿದವು. 1948ರಲ್ಲಿ ಈ ಸಂಸ್ಥಾನಗಳು ವಿಲೀನವಾದ ಮೇಲೂ ತಹಶೀಲ್ದಾರ, ಜಮಾಬಂದಿ, ಬಂದೋಬಸ್ತು ಅಳಿಯಲಿಲ್ಲ.

ಇವನ್ನು ಪರಕೀಯವೆಂದು ಕಿತ್ತೊಗೆಯಬೇಕೆನ್ನುವವರು ಇರಾನಿನ ಚರಿತ್ರೆಯನ್ನೇ ಗಮನಿಸಬೇಕು. ಏಳನೆಯ ಶತಮಾನದಲ್ಲಿ ಅರಬ್ಬರಿಗೆ ಸೋತ ಇರಾನಿಗಳು ಅವರ ಲಿಪಿಯನ್ನೂ ಅಸಂಖ್ಯ ಶಬ್ದಗಳನ್ನೂ ಸ್ವೀಕರಿಸಿದರು. ತಮ್ಮ ನುಡಿಯನ್ನು ಬಿಟ್ಟುಕೊಡಲಿಲ್ಲ. 1010ರಲ್ಲಿ ಫಿರ್ದೌಸಿ ‘ಶಾಹನಾಮೆ’ಯನ್ನು ಮುಗಿಸಿದ್ದು ಫಾರಸಿಯಲ್ಲಿಯೇ. ಕನ್ನಡವೂ ಫಾರಸಿಯ ‘ದಾರ’ ಪ್ರತ್ಯಯವನ್ನು ಪಡೆದು ಪಾಲುದಾರ, ಗುತ್ತಿಗೆದಾರ ಎಂಬ ಹೊಸ ಪದಗಳನ್ನು ರಚಿಸಿಕೊಂಡಿತು. ಸಾಲವನ್ನು ಬಂಡವಾಳವನ್ನಾಗಿ ಮಾಡಿಕೊಳ್ಳುವ ಶಕ್ತಿಯಿದು.

ಮಾತಿನ ಬಗ್ಗೆ ಚಿಂತೆಯಿಲ್ಲ. ಚಿಂತೆಯಿರುವುದು ಕಾಗದದ ಬಗ್ಗೆ. ಹಳೆಯ ಸನದುಗಳು ಬಹುಮಟ್ಟಿಗೆ ಫಾರಸಿಯ ‘ಶಿಕಸ್ತಾ’ ಎಂಬ ಮುರಿದ ಬರಹದಲ್ಲಿಯೋ, ಮೋಡಿ ಲಿಪಿಯಲ್ಲಿಯೋ ಇರುತ್ತವೆ. ಅಚ್ಚಿನ ಉರ್ದು, ಮರಾಠಿ ಬಲ್ಲವರಿಗೂ ಅವು ದಕ್ಕುವುದಿಲ್ಲ. ಘೋರ್ಪಡೆ ಮನೆತನದ ಫಾರಸಿ ಫರ್ಮಾನುಗಳ ಸಾಚಾತನವನ್ನು ಕುರಿತು ಇತಿಹಾಸಕಾರರು ವಾದಿಸಿದ್ದಾರೆ. ಮೂಲವನ್ನು ಓದಬಲ್ಲವರಿಂದ ಮಾತ್ರ ಅಂಥ ವಾದ ತೀರಬಲ್ಲದು. ಇನಾಮು, ಮಠ, ದರ್ಗಾ ಜಮೀನಿನ ವ್ಯಾಜ್ಯಗಳಲ್ಲಿಯೂ ಹಳೆಯ ಸನದು ಹೊರಬರುತ್ತದೆ. ಓದುವವರಿಲ್ಲದಿದ್ದರೆ ಅನುವಾದಕನ ಮಾತೇ ಪ್ರಮಾಣವಾಗುತ್ತದೆ. ಸುಳ್ಳಿಗೂ ಸತ್ಯಕ್ಕೂ ಒಂದೇ ಬೆಲೆ ಬರುತ್ತದೆ. ಕಂದಾಯ ಆಡಳಿತವನ್ನು ಬಲ್ಲ ಯಾರಿಗಾದರೂ ಇದರ ಅಪಾಯ ತಿಳಿಯದಿರದು.

ವಿಜಯಪುರದ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರವು ಆದಿಲ್‌ಶಾಹಿ ಸಾಹಿತ್ಯವನ್ನು ಕನ್ನಡಕ್ಕೆ ತಂದು ದಾರಿ ತೋರಿಸಿದೆ. ಗ್ರಂಥಗಳಿಗೆ ಸಂದ ಈ ಗಮನ ಕಡತಗಳಿಗೂ ಸಲ್ಲಬೇಕು. ಸರ್ಕಾರವು ಪತ್ರಾಗಾರ ಇಲಾಖೆಯ ಮೂಲಕ ಮನೆತನ, ಮಠ, ದರ್ಗಾಗಳಲ್ಲಿರುವ ಕಾಗದಗಳ ಛಾಯಾಪ್ರತಿ ತೆಗೆಸಲಿ. ವಿಶ್ವವಿದ್ಯಾಲಯಗಳು ಪ್ರತಿವರ್ಷ ಕೆಲವರಿಗಾದರೂ ಶಿಕಸ್ತಾ ಮತ್ತು ಮೋಡಿ ಓದುವುದನ್ನು ಕಲಿಸಲಿ. ಇದಕ್ಕೆ ತಗಲುವ ವೆಚ್ಚ ದೊಡ್ಡದಲ್ಲ. ಕಾಗದವೊಮ್ಮೆ ಗೆದ್ದಲಿನ ಪಾಲಾದರೆ ಎಷ್ಟು ವೆಚ್ಚ ಮಾಡಿದರೂ ಅದು ಮರಳಿ ಬಾರದು.