ಪ್ರಭುತ್ವದೆದುರು ನ್ಯಾಯಪೀಠ

ಸಿರವಾರದ ಕಡೆಯ ರೈತನಿಗೆ ಬದುವಿನ ವಿಷಯದಲ್ಲಿ ನೆರೆಹೊಲದವನೊಡನೆ ವ್ಯಾಜ್ಯ ಹುಟ್ಟಿದರೆ, ಅವನು ವಕೀಲರನ್ನು ಹುಡುಕಿಕೊಂಡು ಮಾನ್ವಿಗೆ ಹೋಗುವುದು, ಅಲ್ಲಿ ಸೋತರೆ ರಾಯಚೂರಿನ ಜಿಲ್ಲಾ ನ್ಯಾಯಾಲಯದ ಮೆಟ್ಟಿಲೇರುವುದು, ಆ ಮೇಲೂ ಛಲವುಳಿದಿದ್ದರೆ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಮೊರೆಯಿಡುವುದು ಈ ಸೀಮೆಯವರೆಲ್ಲ ಬಲ್ಲ ದಾರಿ. 2008ರಲ್ಲಿ ಆ ಪೀಠ ಸ್ಥಾಪಿತವಾಗುವವರೆಗೆ ಕಡೆಯ ಪಯಣ ಬೆಂಗಳೂರಿಗೇ ಆಗಿತ್ತು. ಕೋರ್ಟಿನ ಖರ್ಚಿಗಿಂತ ದಾರಿಖರ್ಚಿಗೆ ಅಂಜಿ ಕೈಚೆಲ್ಲಿದವರೂ ಇದ್ದಿರಬೇಕು.

ಇಬ್ಬರ ನಡುವಣ ಇಂಥ ಜಗಳದಲ್ಲಿ ನ್ಯಾಯಾಧೀಶನ ಕಾರ್ಯ ಊರಕಟ್ಟೆಯ ಮೇಲೆ ಕುಳಿತ ಹಿರಿಯನ ಕಾರ್ಯವನ್ನೇ ಹೋಲುತ್ತದೆ. ಆದರೆ ಅದೇ ರೈತನ ಎದುರಾಳಿ ಸ್ವತಃ ಸರ್ಕಾರವೇ ಆದಾಗ, ಪ್ರಜೆಗಳಿಂದ ಆರಿಸಿಬಂದವರ ಆಜ್ಞೆಯನ್ನು ಯಾರ ಮತವನ್ನೂ ಪಡೆಯದ ಒಬ್ಬ ವ್ಯಕ್ತಿಯು ತಡೆಹಿಡಿಯುವುದೆಂದರೇನು, ಅಂಥ ಅಧಿಕಾರವು ಆತನಿಗೆ ಬಂದುದಾದರೂ ಎಲ್ಲಿಂದ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಸಂವಿಧಾನದಲ್ಲಿದೆ: ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಶಾಸನ ಅಷ್ಟರಮಟ್ಟಿಗೆ ಅಸಿಂಧುವೆಂದು 13ನೆಯ ವಿಧಿ ಸಾರಿದೆ, ಸರ್ಕಾರಕ್ಕೇ ಆಜ್ಞೆ ಕೊಡುವ ಅಧಿಕಾರವನ್ನು 226ನೆಯ ವಿಧಿ ಹೈಕೋರ್ಟಿಗೆ ಒಪ್ಪಿಸಿದೆ.

ರಾಯಚೂರು ಹೈದರಾಬಾದ್ ರಾಜ್ಯವನ್ನು ಬಿಟ್ಟು ಮೈಸೂರನ್ನು ಸೇರಿದ 1956ರ ನವೆಂಬರ್ 1ರಂದೇ ಕನ್ನಡನಾಡಿನ ಇನ್ನೊಂದು ಅಂಚಾದ ಕಾಸರಗೋಡು ಕೇರಳದ ಪಾಲಾಯಿತು. ಅಲ್ಲಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು, ಕೇರಳದ ಭೂಸುಧಾರಣಾ ಶಾಸನದಿಂದ ಮಠದ ಜಮೀನು ಕೈತಪ್ಪುವುದನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ಮಂದಿ ನ್ಯಾಯಾಧೀಶರು 68 ದಿನ ವಾದವನ್ನಾಲಿಸಿ, 1973ರ ಏಪ್ರಿಲ್ 24ರಂದು ಏಳು ಮಂದಿಯ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದಾದರೂ ಅದರ ಮೂಲಸ್ವರೂಪವನ್ನು ಕೆಡಿಸಲಾಗದೆಂದು ತೀರ್ಮಾನಿಸಿದರು. ಸ್ವಾಮಿಗಳಿಗೆ ಜಮೀನು ದಕ್ಕಲಿಲ್ಲ, ತೀರ್ಪಿನ ಫಲ ದಕ್ಕಿದುದು ದೇಶಕ್ಕೆ.

ಆ ಏಳು ಮಂದಿಯಲ್ಲಿ ಪಿ. ಜಗನ್‌ಮೋಹನ ರೆಡ್ಡಿಯವರು ರಾಯಚೂರು ಇನ್ನೂ ಹೈದರಾಬಾದಿಗೆ ಸೇರಿದ್ದ ಕಾಲದಲ್ಲಿ ಅಲ್ಲಿನ ಹೈಕೋರ್ಟಿನ ಪೀಠದಲ್ಲಿದ್ದವರು, ಕೆ.ಎಸ್. ಹೆಗ್ಡೆಯವರು ಕಾರ್ಕಳ ಸೀಮೆಯವರು. ತೀರ್ಪಿನ ಮರುದಿನವೇ ಸರ್ಕಾರವು ಹೆಗ್ಡೆಯವರನ್ನೂ ಅದೇ ಬಹುಮತದಲ್ಲಿದ್ದ ಶೇಲತ್, ಗ್ರೋವರ್ ಅವರನ್ನೂ ದಾಟಿ, ಅವರಿಗಿಂತ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಗಳನ್ನಾಗಿ ಆರಿಸಿತು. ಮೂವರೂ ರಾಜೀನಾಮೆಯಿತ್ತರು. ಹಿಂದೆ ಕಾಂಗ್ರೆಸ್ಸಿನಿಂದಲೇ ರಾಜ್ಯಸಭೆಗೆ ಹೋಗಿದ್ದ ಹೆಗ್ಡೆಯವರು, ಪೀಠವೇರಿದ ಮೇಲೆ ಹಳೆಯ ನಂಟಿಗೆ ಕಟ್ಟುಬೀಳದೆ ಹೋದುದು ನನ್ನ ಎಣಿಕೆಯಲ್ಲಿ ತೀರ್ಪಿನಷ್ಟೇ ಬೆಲೆಯುಳ್ಳ ಸಂಗತಿ.

ನ್ಯಾಯಪೀಠವೇನೂ ದೋಷಾತೀತವಲ್ಲ. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ವಿಚಾರಣೆಯಿಲ್ಲದೆ ಸೆರೆಯಾದವರ ಮೊರೆಗೆ ಅದೇ ಸುಪ್ರೀಂ ಕೋರ್ಟು ಬಾಗಿಲು ಮುಚ್ಚಿತು, ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತವಿತ್ತರು. 1989ರಲ್ಲಿ ವಜಾಗೊಂಡ ಕರ್ನಾಟಕದ ಎಸ್.ಆರ್. ಬೊಮ್ಮಾಯಿಯವರ ಸರ್ಕಾರದ ಪ್ರಕರಣದಲ್ಲಿ, ಬಹುಮತದ ಪರೀಕ್ಷೆ ನಡೆಯಬೇಕಾದುದು ಸದನದಲ್ಲಿಯೇ ಹೊರತು ರಾಜ್ಯಪಾಲರ ಅಭಿಪ್ರಾಯದಲ್ಲಲ್ಲವೆಂದು ಕೋರ್ಟು ಹೇಳಿದುದು 1994ರಲ್ಲಿ. ಬೊಮ್ಮಾಯಿಯವರ ಪಾಲಿಗೆ ಅದು ಊಟ ಮುಗಿದ ಮೇಲಿನ ಉಪ್ಪು.

ನ್ಯಾಯಾಧೀಶನ ಕೈಯಲ್ಲಿ ಸೇನೆಯೂ ಇಲ್ಲ, ಬೊಕ್ಕಸವೂ ಇಲ್ಲ; ಇರುವುದು ಕಾರಣವನ್ನು ಬಹಿರಂಗವಾಗಿ ಬರೆದು ಹೇಳುವ ಹೊಣೆ. ಮಂತ್ರಿಯು ತನ್ನ ನಿರ್ಧಾರಕ್ಕೆ ಜನರ ಮನ್ನಣೆಯನ್ನು ಚುನಾವಣೆಯಲ್ಲಿ ಕೇಳಿದರೆ ಸಾಕು. ನ್ಯಾಯಾಧೀಶನಾದರೋ ಸೋತವನಿಗೂ ಅವನು ಸೋತುದೇಕೆಂದು ಪುಟಪುಟವಾಗಿ ಒಪ್ಪಿಸಬೇಕು. ಮಾನ್ವಿಯಲ್ಲಾಗಲಿ ದೇವದುರ್ಗದಲ್ಲಾಗಲಿ ಜವಾನನು ಬಾಗಿಲಲ್ಲಿ ನಿಂತು ಕಕ್ಷಿದಾರನ ಹೆಸರು ಕೂಗುತ್ತಾನೆ, ಸಾಕ್ಷಿಯು ಕಟಕಟೆಯಲ್ಲಿ ಪ್ರಮಾಣ ಮಾಡುತ್ತಾನೆ, ಅವನ ಸಾಕ್ಷ್ಯ ದಾಖಲಾಗುತ್ತದೆ. ಇಷ್ಟೂ ಸಾಮಾನ್ಯವಾಗಿ ತೆರೆದ ಬಾಗಿಲಿನೊಳಗೆ ನಡೆಯುತ್ತದೆ. ದಾವೆಯಿಲ್ಲದವರೂ ಬಿಡುವಾದಾಗ ಒಂದು ದಿನ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬೇಕು. ಅದಕ್ಕೆ ಯಾರ ಅಪ್ಪಣೆಯೂ ಬೇಡ.