ತೋಳಪಟ್ಟಿ, ತಕ್ಕಡಿ, ತಾಯಿ ಕಾರ್ಡು

ಎಂಬಿಬಿಎಸ್ ಮುಗಿಸಿ ಮಕ್ಕಳ ತಜ್ಞರಾಗಲು ಎಂ.ಡಿ. ಓದುವವರು ಮೂರು ವರ್ಷದ ಬಹುಪಾಲನ್ನು ದೊಡ್ಡಾಸ್ಪತ್ರೆಯ ವಾರ್ಡಿನಲ್ಲೇ ಕಳೆಯುತ್ತಾರೆ. ಅಲ್ಲಿಗೆ ಮಗು ಬರುವುದು ಕಾಯಿಲೆ ಬಲಿತ ಮೇಲೆ. ಅದರ ಮನೆ, ಊಟ, ತಾಯಿಯ ಕೂಲಿ ಇವೆಲ್ಲ ವೈದ್ಯರ ಕಣ್ಣಿಗೆ ಬೀಳುವುದಿಲ್ಲ. 2020ರ ಸೆಪ್ಟೆಂಬರಿನಲ್ಲಿ ಸ್ನಾತಕೋತ್ತರ ವೈದ್ಯ ಶಿಕ್ಷಣದ ನಿಯಮ ತಿದ್ದುಪಡಿಯಾಗಿ, ಪಿಜಿ ವೈದ್ಯರು ಮೂರು ತಿಂಗಳು ಜಿಲ್ಲೆಯ ಆರೋಗ್ಯ ವ್ಯವಸ್ಥೆಯಲ್ಲಿ ದುಡಿಯುವುದು ಕಡ್ಡಾಯವಾಯಿತು. ಡಿ.ಆರ್.ಪಿ. ಎಂದು ಕರೆಯುವ ಈ ಜಿಲ್ಲಾ ರೆಸಿಡೆನ್ಸಿಯಲ್ಲಿ ಮಕ್ಕಳ ವೈದ್ಯರು ಊರೊಳಗೆ ಹೋಗಿ ಮಾಡಬಹುದಾದ ಕೆಲಸ ಎಂಥ ಕುಶಲತೆಯದು ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ.

ಉದಾಹರಣೆಗೆ ಹಾವೇರಿಯನ್ನೇ ನೋಡಿ: ಹುಬ್ಬಳ್ಳಿ ಮತ್ತು ದಾವಣಗೆರೆಗಳ ನಡುವೆ, 1997ರಲ್ಲಿ ಧಾರವಾಡದಿಂದ ಬೇರೆಯಾದ ಜಿಲ್ಲೆ. ಇಂಥ ಕಡೆ ಕೆಲಸ ಶುರುಮಾಡುವ ವೈದ್ಯರು ಮೊದಲು ಅರಿಯಬೇಕಾದದ್ದು ಹೆಂಗಸರ ದುಡಿಮೆಯ ಹೊತ್ತನ್ನು. ಇಲ್ಲಿನ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ತೊಟ್ಟು ಬಿಡಿಸುವ ಕೂಲಿಗೆ ತಾಯಂದಿರು ಇಡೀ ದಿನ ಕೂತಿರುತ್ತಾರೆ. ರಾಣೆಬೆನ್ನೂರು ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದ ಸೀಮೆ. ಒಂದು ಹೂವಿನ ಪರಾಗವನ್ನು ಕೈಯಿಂದಲೇ ಇನ್ನೊಂದಕ್ಕೆ ಸವರುವ ‘ಕ್ರಾಸಿಂಗ್’ ಕೆಲಸವನ್ನು ನಾಳೆಗೆ ತಳ್ಳುವಂತಿಲ್ಲ, ಹೂವು ಕಾಯುವುದಿಲ್ಲ. ಅಪೌಷ್ಟಿಕ ಮಕ್ಕಳನ್ನು ಗುರುತಿಸಲು ಅಳತೆಯ ಶಿಬಿರವನ್ನು ಹಗಲು ಹನ್ನೊಂದಕ್ಕೆ ಇಟ್ಟರೆ ಮಗುವನ್ನು ಎತ್ತಿಕೊಂಡು ಬರುವವರು ಅಜ್ಜಿಯರು. ಮಗುವಿಗೆ ಹಗಲು ಉಣಿಸುವವರೂ ಅವರೇ ಆದ್ದರಿಂದ ಅವರ ಮಾತು ಮುಖ್ಯ. ತಾಯಿಯನ್ನು ಕಾಣಲು ಸಂಜೆ ಮತ್ತೊಮ್ಮೆ ಮನೆಗೇ ಹೋಗಬೇಕು. ಯಾರ ಮನೆಗೆ ಎಷ್ಟು ಹೊತ್ತಿಗೆ ಎಂಬುದನ್ನು ಆಶಾ ಕಾರ್ಯಕರ್ತೆಯಷ್ಟು ಚೆನ್ನಾಗಿ ಬಲ್ಲವರಿಲ್ಲ.

ಮಕ್ಕಳನ್ನು ಅಳೆಯುವುದು ಸುಲಭ ಎಂದುಕೊಂಡವರು ಒಮ್ಮೆ ಪಕ್ಕದಲ್ಲಿ ನಿಂತು ನೋಡಬೇಕು. ತಕ್ಕಡಿಯನ್ನು ಸಮನೆಲದ ಮೇಲಿಟ್ಟು ಸೊನ್ನೆಗೆ ತಂದು, ಬಟ್ಟೆ ಬಿಚ್ಚಿದ ಮಗುವನ್ನು ತೂಗುತ್ತಾರೆ. ಎರಡು ವರ್ಷದೊಳಗಿನ ಮಗುವಿನ ಉದ್ದವನ್ನು ಮಲಗಿಸಿಯೇ ನೋಡಬೇಕು, ಅದಕ್ಕೆ ಇಬ್ಬರು ಬೇಕು. ಒಬ್ಬರು ನೆತ್ತಿಯನ್ನು ತಲೆಯ ಕಡೆಯ ಹಲಗೆಗೆ ತಾಗಿಸಿ, ಮಗುವಿನ ನೋಟ ನೇರ ಮೇಲಕ್ಕಿರುವಂತೆ ಹಿಡಿಯುತ್ತಾರೆ. ಇನ್ನೊಬ್ಬರು ಮೊಣಕಾಲನ್ನು ಮೆಲ್ಲಗೆ ಒತ್ತಿ ಅಂಗಾಲನ್ನು ಜಾರುಹಲಗೆಗೆ ಚಪ್ಪಟೆಯಾಗಿ ಸೇರಿಸುತ್ತಾರೆ. ಮಗು ಅಳುತ್ತ ಒದೆಯುವ ನಡುವೆ, ಕಾಲು ನೆಟ್ಟಗಾದ ಆ ಒಂದು ಕ್ಷಣದಲ್ಲಿ ಮಿಲಿಮೀಟರಿನವರೆಗೆ ಓದಿ ಬರೆದುಕೊಳ್ಳಬೇಕು. ಅದೇ ಮಗುವನ್ನು ನಿಲ್ಲಿಸಿ ಅಳೆದರೆ ಸುಮಾರು 0.7 ಸೆಂ.ಮೀ. ಕಡಿಮೆ ಬರುತ್ತದೆ. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಲೆಕ್ಕ ಹಾಕುವಾಗ ಇಷ್ಟೇ ವ್ಯತ್ಯಾಸ ಸಾಕು, ಸಹಾಯ ಬೇಕಾದ ಮಗು ಪಟ್ಟಿಯಿಂದ ಹೊರಗುಳಿಯಲು.

ತೋಳಿನ ಸುತ್ತಳತೆ ನೋಡುವ ತೋಳಪಟ್ಟಿಯದು ಇನ್ನೂ ನಾಜೂಕಿನ ಕೆಲಸ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಎಡಗೈ ಮಡಚಿ, ಭುಜದ ತುದಿಗೂ ಮೊಣಕೈಗೂ ನಡುವಿನ ಬಿಂದುವನ್ನು ಗುರುತು ಮಾಡುತ್ತಾರೆ. ಆಮೇಲೆ ಕೈಯನ್ನು ಸಡಿಲ ಬಿಟ್ಟು ಪಟ್ಟಿ ಸುತ್ತುತ್ತಾರೆ. ಚರ್ಮ ಸುಕ್ಕಾದರೆ ಪಟ್ಟಿ ಬಿಗಿಯಾಗಿದೆ, ಸಂದಿ ಕಂಡರೆ ಸಡಿಲವಾಗಿದೆ. 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಕೆಂಪು, ಎಂದರೆ ತೀವ್ರ ಅಪೌಷ್ಟಿಕತೆ. ಅಲ್ಲಿಂದ 12.5ರವರೆಗೆ ಹಳದಿ. ಅಕ್ಷರ ಬಾರದವರೂ ಬಳಸಬಹುದಾದ ಈ ಬಣ್ಣದ ಪಟ್ಟಿಯ ವಿಚಾರವನ್ನು 1974ರಲ್ಲಿ ಶಾಕಿರ್ ಮತ್ತು ಮಾರ್ಲಿ ಎಂಬ ಮಕ್ಕಳ ವೈದ್ಯರು ಜಗತ್ತಿನ ಮುಂದಿಟ್ಟರು. ಕೊನೆಗೆ ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಎರಡರಲ್ಲೂ ಕುಳಿ ಉಳಿದರೆ ಅದು ಬಾವು. ಬಾವಿನಿಂದ ಮೈತುಂಬಿದಂತೆ ಕಾಣುವ ಮಗುವೂ ತೀವ್ರ ಅಪಾಯದಲ್ಲಿರಬಹುದು.

ಇದಾದ ಮೇಲೆ ಮಾತು. ‘ಮಗು ಚೆನ್ನಾಗಿ ಉಣ್ಣುತ್ತದೆಯೇ?’ ಎಂದು ಕೇಳಿದರೆ ‘ಉಣ್ತೈತ್ರಿ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ನುರಿತವರು ‘ಅಜ್ಜೀ, ನಿನ್ನೆ ಕೂಸು ಎದ್ದಾಗಿಂದ ಮಲಗೋವರೆಗೆ ಏನೇನು ತಿಂತು?’ ಎಂದು ಕೇಳಿ, ಮಗುವಿನ ಬಟ್ಟಲನ್ನೇ ತರಿಸಿ ಎಷ್ಟು ತುಂಬಿತ್ತೆಂದು ತೋರಿಸಲು ಹೇಳುತ್ತಾರೆ. ಚಹಾದಲ್ಲಿ ಅದ್ದಿದ ಬಿಸ್ಕೀಟು, ತಿಳಿಸಾರಿನ ಅನ್ನ ಒಂದೊಂದಾಗಿ ಆಗ ಹೊರಬರುತ್ತವೆ. ಸಲಹೆಯೂ ಆ ಮನೆಯ ಅಡುಗೆಯಿಂದಲೇ ಹುಟ್ಟಬೇಕು: ಹಾಲಿನಲ್ಲಿ ನೆನೆಸಿ ಹಿಸುಕಿದ ಜೋಳದ ರೊಟ್ಟಿ, ನುಣ್ಣಗೆ ಕುಟ್ಟಿದ ಶೇಂಗಾ ಪುಡಿ, ಒಂದು ಚಮಚ ತುಪ್ಪ, ತತ್ತಿ, ಅಂಗನವಾಡಿಯ ಪುಷ್ಟಿ ಹಿಟ್ಟು. ಬೈಯದೆ, ಹೆದರಿಸದೆ ಇದನ್ನು ಹೇಳಲು ಬಹಳ ತಾಳ್ಮೆ ಬೇಕು.

ಕೆಂಪು ಬಂದ ಮಗುವಿಗೆ ಹಸಿವು ಇದೆಯೇ ಎಂಬ ಪರೀಕ್ಷೆಯೂ ಇದೆ. ವರ್ಷ ದಾಟಿದ ಮಕ್ಕಳಿಗೆ ಹುರಿದ ಶೇಂಗಾ, ಹಾಲಿನ ಪುಡಿ, ಸಕ್ಕರೆ, ಕೊಬ್ಬರಿ ಎಣ್ಣೆ ಕಲಸಿ ತೂಕಕ್ಕೆ ತಕ್ಕಷ್ಟು ಕೊಟ್ಟು ನೋಡುತ್ತಾರೆ. ತಿನ್ನದಿದ್ದರೆ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಅಲ್ಲಿ ಮೊದಮೊದಲು 100 ಮಿ.ಲೀ.ಗೆ 75 ಕ್ಯಾಲರಿ ಇರುವ ಎಫ್-75 ಹಾಲನ್ನು ಹಗಲೂ ರಾತ್ರಿ ಎರಡೆರಡು ತಾಸಿಗೊಮ್ಮೆ ಸ್ವಲ್ಪಸ್ವಲ್ಪವೇ ಕುಡಿಸುತ್ತಾರೆ. ಸೊರಗಿದ ದೇಹ ಒಮ್ಮೆಲೇ ಹೆಚ್ಚು ಆಹಾರ ತಾಳದು. ಸುಮಾರು ಎರಡು ವಾರ ತಾಯಿಯೂ ಜೊತೆಗಿರಬೇಕು. ಸುಗ್ಗಿಯಲ್ಲಿ ಎರಡು ವಾರದ ಕೂಲಿ ಬಿಡುವುದು ಎಂದರೇನೆಂದು ತಿಳಿದ ವೈದ್ಯರ ಮಾತನ್ನು ಮಾತ್ರ ಮನೆಯವರು ಕೇಳಿಸಿಕೊಳ್ಳುತ್ತಾರೆ.

ಒಂದೊಂದು ಮಗುವಿನಿಂದ ಇಡೀ ಊರಿನ ಕಡೆಗೆ ತಿರುಗಿದಾಗ ಅದು ಯೋಜನೆಯಾಗುತ್ತದೆ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಎರಡು ಪಟ್ಟಿಗಳನ್ನು ತಾಳೆ ನೋಡಿದಾಗ ಯಾವುದೋ ಒಂದರಲ್ಲಿ ಇಲ್ಲದ ಮಕ್ಕಳು ಸಿಗುತ್ತಾರೆ: ಬೇರೆ ಊರಿಂದ ಕೂಲಿಗೆ ಬಂದವರ ಮಕ್ಕಳು, ಹೆರಿಗೆಗೆ ತವರಿಗೆ ಬಂದವಳ ಹಿರಿಮಗು. ಹುಡುಕಬೇಕಾದದ್ದು ಹೆಚ್ಚಾಗಿ ಈ ಮಕ್ಕಳನ್ನೇ. ಅಳತೆಯ ಲೆಕ್ಕವನ್ನು ತಾಲ್ಲೂಕು ಆರೋಗ್ಯಾಧಿಕಾರಿ ಮತ್ತು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಮುಂದಿಟ್ಟು, ಮರು ಅಳತೆಯ ದಿನ ಗೊತ್ತುಮಾಡಬೇಕು. ತಾವು ಹೊರಟ ಮೇಲೂ ಕೆಲಸ ನಡೆಯುವಂತೆ ಕಾರ್ಯಕರ್ತೆಯರ ಕೈಗೇ ಅಳತೆ ರೂಢಿಸಿ ಹೋಗಬೇಕು.

ಇಷ್ಟೆಲ್ಲ ಮೂರು ತಿಂಗಳಲ್ಲಿ ಆಗಬೇಕಾದರೆ ಪಿಜಿ ವೈದ್ಯರ ಸಮಯವನ್ನೆಲ್ಲ ವಾರ್ಡಿನ ಡ್ಯೂಟಿಗೇ ಕೊಡಬಾರದು. ವಾರಕ್ಕೆ ಕೆಲವು ದಿನಗಳನ್ನಾದರೂ ಊರಿಗೆಂದು ಮೀಸಲಿಡಬೇಕು. ಓದುಗರಲ್ಲೂ ಒಂದು ಕೋರಿಕೆ: ನಿಮ್ಮೂರ ಅಂಗನವಾಡಿಯಲ್ಲಿ ಮಕ್ಕಳನ್ನು ಅಳೆಯುವ ದಿನ, ತಾಯಿ-ಮಗುವಿನ ಆರೋಗ್ಯದ ವಿವರ ಬರೆದಿಡುವ ತಾಯಿ ಕಾರ್ಡು ಹಿಡಿದು ಮಗುವನ್ನು ಕರೆದೊಯ್ಯಿರಿ, ಪಕ್ಕದ ಮನೆಗೆ ಹೊಸದಾಗಿ ಕೂಲಿಗೆ ಬಂದವರಿಗೂ ಹೇಳಿ.